ಸ್ಟೇಷನ್ ರಸ್ತೆಯ ಮೇಜರ್ ಗೌಡರು

ಚಳಿ ಶುರುವಾಗುವ ಹೊತ್ತಿಗೆ ನಮ್ಮ ಮನೆಯಲ್ಲಿ ಟ್ರಂಕು ತೆಗೆದು ಸ್ವೆಟರು, ಶಾಲುಗಳನ್ನೆಲ್ಲ ಬಿಸಿಲಿಗೆ ಹಾಕುತ್ತಾರೆ. ಅವತ್ತು ಮನೆ ತುಂಬ ನುಸಿಗುಳಿಗೆಯ ವಾಸನೆ. ನನ್ನ ಹೆಂಡತಿಗೆ ಆ ವಾಸನೆಯಿಂದ ತವರುಮನೆ ನೆನಪಾಗುತ್ತದಂತೆ. ನನಗೆ ಬಾಣಾವರ ನೆನಪಾಗುತ್ತದೆ. ಅದರಲ್ಲೂ ಕಾರ್ಗಿಲ್ ಯುದ್ಧವಾದ ವರ್ಷದ ಮಳೆಗಾಲ, ಮತ್ತು ಒಬ್ಬ ಮೇಜರ್ ಸಾಹೇಬರನ್ನು ಹುಡುಕಿಕೊಂಡು ನಾನು ಛತ್ರಿ ಹಿಡಿದು ಊರೆಲ್ಲ ಅಲೆದ ಆ ದಿನಗಳು.

ಮಂಡ್ಯ ಕಡೆಯವನಾದ ನನಗೆ ಬಾಣಾವರದ ಹೈಸ್ಕೂಲಿನಲ್ಲಿ ಕನ್ನಡ ಮೇಷ್ಟ್ರ ಕೆಲಸ ಸಿಕ್ಕಿ ಆಗ ಒಂದು ವರ್ಷವಾಗಿತ್ತು. ಸ್ಟೇಷನ್ ರಸ್ತೆಯಲ್ಲಿ ಕಮಲಮ್ಮ ಎಂಬುವರ ಮನೆಯ ಹಿಂದಿನ ಕೋಣೆಯನ್ನು ಬಾಡಿಗೆಗೆ ಹಿಡಿದಿದ್ದೆ. ಊರಿನವರು ಅವರನ್ನು ಕರೆಯುತ್ತಿದ್ದದ್ದು ನರ್ಸಮ್ಮ ಎಂದು. ಬೊಂಬಾಯಿಯ ಯಾವುದೋ ದೊಡ್ಡ ಆಸ್ಪತ್ರೆಯಲ್ಲಿ ನರ್ಸಾಗಿದ್ದು ನಿವೃತ್ತರಾಗಿ ಬಂದವರು, ಮದುವೆಯಾಗಿಲ್ಲ, ಬೆಳಿಗ್ಗೆ ಮತ್ತು ಸಂಜೆ ಜಗಲಿಯಲ್ಲಿ ಕೂತು ಡಾಕ್ಟರ ಚೀಟಿ ತಂದವರಿಗೆ ಇಂಜೆಕ್ಷನ್ ಕೊಡುತ್ತಾರೆ. ಅವರ ಬಗ್ಗೆ ಊರಿಗೆ ಗೊತ್ತಿದ್ದದ್ದು ಇಷ್ಟು. ನನಗೆ ಇನ್ನೊಂದಿಷ್ಟು ಗೊತ್ತಿತ್ತು. ಆರು ಗಂಟೆಗೆ ಏಳಬೇಕು. ಹಾಸಿಗೆಯ ಹೊದಿಕೆಯಲ್ಲಿ ಒಂದು ಸುಕ್ಕೂ ಇರಬಾರದು. ಚಪ್ಪಲಿ ಜೋಡಿ ಬಾಗಿಲಿಗೆ ಸರಿಯಾಗಿ, ಒಂದೇ ಸಮಕ್ಕೆ ಇರಬೇಕು. ಭಾನುವಾರ ಬೆಳಿಗ್ಗೆ ಅವರು ಕೋಣೆಗೆ ಬಂದು ಕಿಟಕಿಯ ಚೌಕಟ್ಟಿನ ಮೇಲೆ ಬೆರಳಾಡಿಸಿ, ಬೆರಳನ್ನು ನನ್ನ ಮುಖದ ಮುಂದೆ ಹಿಡಿದು, ಏನೂ ಹೇಳದೆ ಹೋಗಿಬಿಡುತ್ತಿದ್ದರು. ಬೈದಿದ್ದರೆ ತಡೆದುಕೊಳ್ಳಬಹುದಿತ್ತು. ಬೊಂಬಾಯಿ ಆಸ್ಪತ್ರೆಯವರೆಲ್ಲ ಹೀಗೇ ಇರಬೇಕು ಎಂದುಕೊಂಡು ನಾನು ಶನಿವಾರವೇ ಧೂಳು ಒರೆಸಿಡುತ್ತಿದ್ದೆ.

ಆ ಮಳೆಗಾಲದಲ್ಲಿ ಊರಿನವರ ಬಾಯಲ್ಲಿ ಯುದ್ಧದ ಮಾತೇ. ರಾಗಿ ಬಿತ್ತನೆಯ ಮಾತು ಎತ್ತಿದವರೂ ಕೊನೆಗೆ ಬೆಟ್ಟದ ತುದಿಯ ಬಂಕರಿಗೇ ಬಂದು ಮುಟ್ಟುತ್ತಿದ್ದರು. ನಮ್ಮ ಹೆಡ್‌ಮಾಸ್ತರು ಅರಸೀಕೆರೆಯಲ್ಲಿ ಒಂದು ಮೀಟಿಂಗಿಗೆ ಹೋಗಿ ಬಂದವರೇ, ಆಗಸ್ಟ್ ಹದಿನೈದರಂದು ನಮ್ಮ ಸುತ್ತಿನ ಮಾಜಿ ಸೈನಿಕರಿಗೆಲ್ಲ ಶಾಲೆಯ ಮೈದಾನದಲ್ಲಿ ಊರಿನ ಪರವಾಗಿ ಸನ್ಮಾನ ಎಂದು ಘೋಷಿಸಿದರು. ಸಂಚಾಲಕ ನಾನು. ಯಾಕೆಂದು ಕೇಳಿದ್ದಕ್ಕೆ, ನನ್ನ ಕೈಬರಹ ಚೆನ್ನಾಗಿದೆ, ಮದುವೆ ಬೇರೆ ಆಗಿಲ್ಲ ಎಂದರು.

ಮರುದಿನ ಬೆಳಿಗ್ಗೆ ಪ್ರಾರ್ಥನೆ ಮುಗಿಯುವ ಮೊದಲೇ ಸುಬೇದಾರ್ ರುದ್ರಪ್ಪನವರು ಗೇಟಿನಲ್ಲಿ ನಿಂತಿದ್ದರು. ಅವರು ಸೈನ್ಯದಿಂದ ನಿವೃತ್ತರಾಗಿ ಹತ್ತಾರು ವರ್ಷವಾಗಿತ್ತು. ಆದರೆ ತೆಂಗಿನ ತೋಟಕ್ಕೆ ನೀರು ಬಿಡಲು ಹೋಗುವಾಗಲೂ ಎದೆ ಸೆಟೆಸಿಯೇ ನಡೆಯುತ್ತಿದ್ದರು. ಮೀಸೆಯ ತುದಿ ಎರಡೂ ಕಡೆ ಮೇಲಕ್ಕೆ. ಅವರು ಬಂದ ಗಳಿಗೆಯಿಂದ ಕಾರ್ಯಕ್ರಮ ಅವರದಾಯಿತು. ಶಾಮಿಯಾನದ ಬಾಯಿ ಯಾವ ಕಡೆಗಿರಬೇಕು, ಸೈನಿಕರು ಯಾವ ಕ್ರಮದಲ್ಲಿ ಕೂರಬೇಕು, ವೇದಿಕೆಗೆ ಯಾವ ಕಾಲು ಮೊದಲಿಟ್ಟು ಹತ್ತಬೇಕು, ಎಲ್ಲಕ್ಕೂ ಅವರಲ್ಲಿ ಒಂದು ನಿಯಮವಿತ್ತು. ಸುತ್ತಿನ ಊರುಗಳಲ್ಲಿ ತಮ್ಮದೇ ದೊಡ್ಡ ಹುದ್ದೆಯಾದ್ದರಿಂದ ನಡುವಿನ ಕುರ್ಚಿ ತಮ್ಮದು, ಭಾಷಣವೂ ತಮ್ಮದು ಎಂದರು. ಭಾಷಣ ನಾಲ್ಕು ಪುಟ ಆಗಲೇ ತಯಾರಾಗಿತ್ತು.

ಆಮೇಲೆ ಹಾಸನದ ಸೈನಿಕ ಕಲ್ಯಾಣ ಕಚೇರಿಯಿಂದ ಪಿಂಚಣಿ ಪಡೆಯುವ ಮಾಜಿ ಸೈನಿಕರ ಪಟ್ಟಿ ಬಂತು. ಇಪ್ಪತ್ತಮೂರು ಹೆಸರು. ಮೊದಲನೆಯದೇ: ಮೇಜರ್ ಕೆ. ಆರ್. ಗೌಡ, ನಿವೃತ್ತ, ಸ್ಟೇಷನ್ ರಸ್ತೆ, ಬಾಣಾವರ.

ಸುಬೇದಾರರು ಕನ್ನಡಕ ಹಾಕಿಕೊಂಡು ಓದಿದರು, ತೆಗೆದು ಒರೆಸಿ ಮತ್ತೆ ಓದಿದರು. ಇಂಥವರು ಊರಿನಲ್ಲಿಲ್ಲ, ಇದ್ದಿದ್ದರೆ ತಮಗೆ ಗೊತ್ತಿರದೆ ಇರುತ್ತಿರಲಿಲ್ಲ, ಇದ್ದವರು ಸತ್ತಿರಬೇಕು ಎಂದು ಒಂದೊಂದಾಗಿ ಹೇಳಿ ನೋಡಿದರು. ಹೆಡ್‌ಮಾಸ್ತರು, ಸತ್ತವರಿಗೆ ಪಿಂಚಣಿ ಬರುವುದಿಲ್ಲವಲ್ಲ ಎಂದರು. ಸ್ಟಾಫ್ ರೂಮಿನಲ್ಲಿ ನಾವು ಏಳೆಂಟು ಜನ ಇದ್ದೆವು. ಸುಬೇದಾರರು ಎದ್ದು ನಿಂತು ಅಂಗಿ ಸರಿಮಾಡಿಕೊಂಡರು.

“ಹುಡುಕಿ ಮೇಷ್ಟ್ರೆ. ಸಿಕ್ಕಿದ್ರೆ ಊರ ಮುಂದೆ ನಾನೇ ಮೊದಲು ಸಲ್ಯೂಟ್ ಹೊಡೀತೀನಿ, ಅದು ನಮ್ಮ ನಿಯಮ. ಸಿಗಲಿಲ್ವಾ, ನಡುವಿನ ಕುರ್ಚಿ ಮಾತ್ರ ಯಾರೂ ಮುಟ್ಟಂಗಿಲ್ಲ.”

ಬಾಣಾವರದಲ್ಲಿ ಒಬ್ಬ ಗೌಡರನ್ನು ಹುಡುಕುವುದೆಂದರೆ ತೆಂಗಿನ ತೋಟದಲ್ಲಿ ನಿಂತು ತೆಂಗಿನ ಮರ ಎಲ್ಲಿ ಎಂದು ಕೇಳಿದ ಹಾಗೆ. ಸ್ಟೇಷನ್ ರಸ್ತೆಯೊಂದರಲ್ಲೇ ಹನ್ನೊಂದು ಗೌಡರು ಸಿಕ್ಕರು. ಕೊಬ್ಬರಿ ಮಂಡಿಯ ಗೌಡರು ತಮ್ಮ ಅಜ್ಜ ಮಹಾರಾಜರ ಕಾಲದಲ್ಲಿ ಕುದುರೆಗೆ ಹುಲ್ಲು ಹಾಕುತ್ತಿದ್ದರು, ನಡೆಯುತ್ತದೆಯೇ ಎಂದು ಕೇಳಿದರು. ಗಿರಣಿಯ ಹತ್ತಿರ ಒಬ್ಬ ಅಜ್ಜಿ ‘ಮೇಜರ್’ ಎಂದ ಕೂಡಲೇ ಓಹೋ ಎಂದು ನನ್ನನ್ನು ಒಳಗೆ ಕರೆದುಕೊಂಡು ಹೋಗಿ, ಮಂಚದ ಮೇಲೆ ಮಲಗಿದ್ದ ಗಂಡನ ಅಂಗಿ ಎತ್ತಿ ಹೊಟ್ಟೆಯ ಮೇಲಿನ ಹೊಲಿಗೆ ತೋರಿಸಿದರು. ಮೇಜರ್ ಆಪರೇಷನ್ ಆಗಿತ್ತು. ಆ ಗೌಡರು ಪಾಪ, ಸನ್ಮಾನ ಎಂದರೆ ಬರುತ್ತೇನೆ ಎಂದೂ ಹೇಳಿದರು.

ಆ ದಿನ ಸಂಜೆ ಜಿನುಗು ಮಳೆಯಲ್ಲಿ ನೆನೆದು ಮನೆಗೆ ಬಂದಾಗ ಕಮಲಮ್ಮನವರು ಸಿರಿಂಜುಗಳನ್ನು ನೀರಿನಲ್ಲಿ ಕುದಿಸುತ್ತಿದ್ದರು. ಈ ರಸ್ತೆಯಲ್ಲಿ ಮೇಜರ್ ಗೌಡರು ಅಂತ ಯಾರಾದರೂ ಗೊತ್ತೇ ಎಂದು ಕೇಳಿದೆ. ಅವರು ಇಕ್ಕಳದಿಂದ ಒಂದು ಸೂಜಿ ಎತ್ತಿ ಬೆಳಕಿಗೆ ಹಿಡಿದು ನೋಡಿದರು.

“ಗೊತ್ತು. ಯಾಕೆ?”

ಸನ್ಮಾನದ ವಿಷಯ ಹೇಳಿದೆ.

“ಅವರಿಗೆ ಅದೆಲ್ಲ ಆಗಿಬರಲ್ಲ ಮೇಷ್ಟ್ರೇ. ಸ್ವಭಾವವೂ ಅಷ್ಟು ಒಳ್ಳೇದಲ್ಲ. ಬಿಟ್ಟುಬಿಡಿ,” ಎಂದು ಸೂಜಿಯನ್ನು ಮತ್ತೆ ನೀರಿಗೆ ಹಾಕಿದರು.

ಮನೆ ಯಾವುದು ಎಂದು ಎಷ್ಟು ಕೇಳಿದರೂ ಹೇಳಲಿಲ್ಲ. ಕಾಲು ಒರೆಸಿಕೊಳ್ಳದೆ ಒಳಗೆ ಬಂದಿದ್ದೀರಿ ಎಂದಷ್ಟೇ ಹೇಳಿದರು. ಯಾರೋ ಮುಂಗೋಪಿ ಮುದುಕ, ಇವರ ಹತ್ತಿರ ಗುಟ್ಟಾಗಿ ಇಂಜೆಕ್ಷನ್ ತೆಗೆದುಕೊಳ್ಳುವವನಿರಬೇಕು ಎಂದು ನಾನು ತೀರ್ಮಾನಿಸಿದೆ.

ಬೇರೆ ದಾರಿ ಕಾಣದೆ ಕಾಗದ ಬರೆದೆ. ಮಾನ್ಯ ಮೇಜರ್ ಸಾಹೇಬರೇ ಎಂದು ಶುರುಮಾಡಿ, ತಮ್ಮಂಥ ವೀರಪುತ್ರರನ್ನು ಹೆತ್ತ ಈ ಮಣ್ಣು ಧನ್ಯ ಎಂದೆಲ್ಲ ಎರಡು ಪುಟ. ಪಟ್ಟಿಯಲ್ಲಿದ್ದ ವಿಳಾಸ ಬರೆದು ಅಂಚೆಗೆ ಹಾಕಿದೆ. ಮಾರನೆಯ ದಿನ ನನಗೆ ಶೀತಜ್ವರ, ಶಾಲೆಗೆ ಹೋಗಿರಲಿಲ್ಲ. ಹನ್ನೊಂದರ ಹೊತ್ತಿಗೆ ಅಂಚೆಯವನ ಸೈಕಲ್ ಗಂಟೆ ಕೇಳಿಸಿತು. ಹಣಿಕಿ ನೋಡಿದರೆ, ಅವನು ನಾನು ಬರೆದ ಲಕೋಟೆಯನ್ನು ಜಗಲಿಯಲ್ಲಿದ್ದ ಕಮಲಮ್ಮನವರ ಕೈಗೆ ಕೊಟ್ಟು ನಡೆದೇಬಿಟ್ಟ.

ನಾನು ಕಂಬಳಿ ಹೊದ್ದುಕೊಂಡೇ ಓಡಿ ಅವನನ್ನು ಬೇಲಿಯ ಹತ್ತಿರ ಹಿಡಿದೆ. ತಪ್ಪು ಮನೆಗೆ ಕೊಟ್ಟಿದ್ದೀಯಲ್ಲ ಎಂದೆ. ಅವನು ನನ್ನ ಮುಖವನ್ನೇ ನೋಡಿ, ಒಂಬತ್ತು ವರ್ಷದಿಂದ ಮೇಜರ್ ಗೌಡ ಅಂತ ಬರೋ ಕಾಗದ ಎಲ್ಲ ಇಲ್ಲೇ ಕೊಡುತ್ತಿದ್ದೇನೆ ಎಂದ. ಮೊದಲೇ ಯಾಕೆ ಹೇಳಲಿಲ್ಲವೋ ಎಂದರೆ, “ನೀವು ಊರೆಲ್ಲ ಕೇಳಿದ್ರಿ, ನನ್ನ ಕೇಳಲಿಲ್ವಲ್ಲ ಸಾರ್,” ಎಂದ.

ಜಗಲಿಗೆ ವಾಪಸು ಬಂದೆ. ಕಮಲಮ್ಮನವರು ಕಾಗದವನ್ನು ಓದಿ ಮುಗಿಸಿ ಕೆಂಪು ಪೆನ್ನಿನ ಮುಚ್ಚಳ ಹಾಕುತ್ತಿದ್ದರು. ಕಾಗದವನ್ನು ನನ್ನ ಕೈಗೆ ಕೊಟ್ಟರು. ಎರಡು ಕಡೆ ಒತ್ತಕ್ಷರದ ತಪ್ಪು ತಿದ್ದಿದ್ದರು, ‘ವೀರಪುತ್ರರನ್ನು’ ಎಂಬಲ್ಲಿ ಬರೀ ಒಂದು ಗೆರೆ ಎಳೆದಿದ್ದರು. ಮೊದಲು ಹೋಗಿ ಮಲಗಿ, ಜ್ವರ ಇಳಿದ ಮೇಲೆ ಮಾತಾಡೋಣ ಎಂದರು.

ಜ್ವರ ಇಳಿದ ಮೇಲೆ ಅವರು ಹೇಳಿದ್ದು ಇಷ್ಟು. ಚೀನಾ ಯುದ್ಧದ ಹೊತ್ತಿಗೆ ಅವರು ನರ್ಸಿಂಗ್ ಓದಿ ಮುಗಿಸಿದ್ದರು. ಸೈನ್ಯದ ಆಸ್ಪತ್ರೆಗಳಿಗೆ ನರ್ಸುಗಳು ಬೇಕೆಂದು ಪೇಪರಿನಲ್ಲಿ ಬಂದದ್ದನ್ನು ನೋಡಿ ಮನೆಯಲ್ಲಿ ಕೇಳದೆಯೇ ಅರ್ಜಿ ಹಾಕಿದರು. ಅಲ್ಲಿ ನರ್ಸು ಎಂದರೂ ಅಧಿಕಾರಿಯ ದರ್ಜೆ. ಹೆಗಲ ಮೇಲೆ ನಕ್ಷತ್ರ. ಹೆಸರಿಗೊಂದು ಮನೆತನದ ಹೆಸರು ಬೇಕೆಂದಾಗ ಗೌಡ ಎಂದು ಬರೆಸಿದರು. ತಂದೆ ರಾಮೇಗೌಡರು ಮೂರು ದಿನ ಉಣ್ಣಲಿಲ್ಲ. ಹೆಣ್ಣುಮಗಳು ಮಿಲಿಟರಿಗೆ ಹೋದಳು ಎಂದರೆ ಹಿಂದಿನ ಇಬ್ಬರು ತಂಗಿಯರನ್ನು ಯಾರು ಮಾಡಿಕೊಳ್ಳುತ್ತಾರೆ ಎಂಬುದು ಅವರ ಚಿಂತೆ. ಕೊನೆಗೆ ನಾಲ್ಕನೆಯ ದಿನ ಒಂದು ಒಪ್ಪಂದವಾಯಿತು. ಹೋಗಲಿ, ಆದರೆ ತಂಗಿಯರ ಮದುವೆಯಾಗುವವರೆಗೆ ಈ ಸೀಮೆಯಲ್ಲಿ ಯಾರ ಮುಂದೆಯೂ ಬಾಯಿ ಬಿಡಕೂಡದು. ಕೇಳಿದವರಿಗೆ ಬೊಂಬಾಯಿ ಆಸ್ಪತ್ರೆ ಎನ್ನಬೇಕು.

“ತಂಗಿಯರಿಗೆ ಮದುವೆ ಆಯಿತಲ್ಲಮ್ಮ?” ಎಂದೆ.

“ಮೊಮ್ಮಕ್ಕಳೂ ಆದವು. ಅಪ್ಪ ಮಾತ್ರ, ಇನ್ನು ಹೇಳಬಹುದು ಅಂತ ಹೇಳದೇನೇ ಹೋಗಿಬಿಟ್ಟರು.”

ನಗುತ್ತಲೇ ಹೇಳಿದರು. ಆದರೆ ಆಮೇಲೆ ಬಹಳ ಹೊತ್ತು ಸಿರಿಂಜಿನ ಡಬ್ಬಿಯ ಮುಚ್ಚಳವನ್ನು ತೆಗೆಯುವುದು, ಹಾಕುವುದು ಮಾಡುತ್ತಿದ್ದರು. ಇಷ್ಟು ವರ್ಷ ಮುಚ್ಚಿಟ್ಟು ಈಗ ಮೈಕಿನಲ್ಲಿ ಕೂಗಿಸಿದರೆ ತಂಗಿಯರಿಗೆ ಏನನ್ನಿಸಬೇಡ, ಗಂಡನ ಮನೆಯವರ ಮುಂದೆ ಸುಳ್ಳುಗಾರರಾಗುತ್ತಾರೆ, ಬೇಡ ಎಂದರು. ಅದು ಆಜ್ಞೆಯ ಹಾಗಿತ್ತು. ನಾನು ತಲೆ ಆಡಿಸಿದೆ. ಆದರೆ ಮರುದಿನ ಬೆಳಿಗ್ಗೆಯ ಬೇಲೂರು ಬಸ್ಸು ಹತ್ತಿದೆ. ದೊಡ್ಡ ತಂಗಿ ಜಯಮ್ಮನವರು ಹಳೇಬೀಡಿನ ಹತ್ತಿರ ಮಾದಿಹಳ್ಳಿಯಲ್ಲಿದ್ದಾರೆಂದು ಅಂಚೆಯವನನ್ನು ಕೇಳಿ ತಿಳಿದುಕೊಂಡಿದ್ದೆ. ಈ ಸಲ ಮೊದಲು ಅವನನ್ನೇ ಕೇಳಿದ್ದು.

ಜಾವಗಲ್ ದಾಟಿದ ಮೇಲೆ ಮಳೆ ಜೋರಾಯಿತು. ಮಾದಿಹಳ್ಳಿಯಲ್ಲಿ ಇಳಿದಾಗ ಗದ್ದೆಗಳಲ್ಲಿ ನಾಟಿ ನಡೆಯುತ್ತಿತ್ತು. ಜಯಮ್ಮನವರು ಕೊಟ್ಟಿಗೆಯಲ್ಲಿ ಹಸುವಿನ ಮೈ ತೊಳೆಯುತ್ತಿದ್ದರು. ನಾನು ಬಾಣಾವರದಿಂದ ಬಂದವನು, ನಿಮ್ಮ ಅಕ್ಕನ ಮನೆಯ ಬಾಡಿಗೆಯವನು ಎಂದ ಕೂಡಲೇ ಅವರು ಕೆಟ್ಟ ಸುದ್ದಿಯೆಂದು ಹೆದರಿ ಕುಕ್ಕರುಗಾಲಲ್ಲಿ ಕೂತುಬಿಟ್ಟರು. ಹಾಗೇನಿಲ್ಲ ಎಂದು ಸಮಾಧಾನ ಮಾಡಿ, ಹೇಗೆ ಶುರುಮಾಡುವುದೆಂದು ತಿಳಿಯದೆ, ನಿಮ್ಮ ಅಕ್ಕ ಕೆಲಸ ಮಾಡಿದ್ದು ಬೊಂಬಾಯಿಯಲ್ಲಲ್ಲ ಎಂದೆ.

“ಮಿಲ್ಟ್ರೀಲಿ,” ಎಂದರು ಜಯಮ್ಮ, ಹಸುವಿನ ಕಿವಿ ಒರೆಸುತ್ತ.

ನಿಮಗೆ ಹೇಗೆ ಗೊತ್ತು ಎಂದೆ. ಗೊತ್ತಾಗಿ ಮೂವತ್ತು ವರ್ಷವಾಯಿತಂತೆ. ಅವರ ಮದುವೆಯಾದ ವರ್ಷವೇ, ಹಳ್ಳಿಯ ಸಿಪಾಯಿಯೊಬ್ಬ ರಜಕ್ಕೆ ಬಂದವನು ಪಠಾಣಕೋಟೆಯ ಆಸ್ಪತ್ರೆಯಲ್ಲಿ ನಿಮ್ಮ ಅಕ್ಕನನ್ನು ನೋಡಿದೆ, ಕಂಡರೆ ಎದ್ದು ನಿಲ್ಲಬೇಕು ನಾವು ಎಂದಿದ್ದನಂತೆ. ಅತ್ತೆ, ಮಾವ, ಗಂಡ ಎಲ್ಲರಿಗೂ ಗೊತ್ತು. ಯಾರೂ ಏನೂ ಅನ್ನಲಿಲ್ಲ. ಮಾವನಂತೂ ಒಳಗೊಳಗೇ ಹೆಮ್ಮೆಪಟ್ಟುಕೊಂಡರಂತೆ. ಹಾಗಾದರೆ ಅಕ್ಕನ ಹತ್ತಿರ ಯಾಕೆ ಮಾತೆತ್ತಲಿಲ್ಲ ಎಂದು ಕೇಳಿದೆ.

“ಅಕ್ಕ ಹೇಳ್ತಾಳೆ ಅಂತ ನಾವ್ ಕಾಯ್ತಿದ್ವಿ. ಹೇಳದೇ ಇರೋದ ನಾವಾಗಿ ಕೆದಕಿದ್ರೆ ನೊಂದ್ಕತಾಳೆ ಅಂತ ಸುಮ್ಕಿದ್ವಿ.” ಅವರು ಸೆರಗಿನಲ್ಲಿ ಕೈ ಒರೆಸಿಕೊಂಡರು. “ಅಪ್ಪಂಗೆ ಕೊಟ್ಟ ಮಾತು ತೀರ್ತು ಅಂತ ಜಯಿ ಹೇಳವ್ಳೆ ಅನ್ನಿ. ಚಿಕ್ಕೋಳ ಮಾತೂ ನಂದೇ. ನಾನೂ ಬತ್ತೀನಿ ಆವತ್ತು.”

ಬಾಣಾವರಕ್ಕೆ ಬಂದು ಕಮಲಮ್ಮನವರಿಗೆ ಜಯಮ್ಮನವರ ಮಾತು ಹೇಳಿದೆ. ಆಜ್ಞೆ ಮೀರಿ ಹೋಗಿದ್ದಕ್ಕೆ ಬೈಯಲಿಲ್ಲ. ಸಂಜೆ ಒಳಕೋಣೆಯಲ್ಲಿ ಟ್ರಂಕು ಎಳೆದ ಸದ್ದಾಯಿತು, ನುಸಿಗುಳಿಗೆಯ ವಾಸನೆ ನನ್ನ ಕೋಣೆಯವರೆಗೂ ಬಂತು.

ಇನ್ನು ಉಳಿದದ್ದು ಸುಬೇದಾರರಿಗೆ ಹೇಳುವುದು. ಹೆಡ್‌ಮಾಸ್ತರು ಆ ಕೆಲಸವನ್ನೂ ಸಂಚಾಲಕನಿಗೇ ಬಿಟ್ಟರು. ತೋಟದಲ್ಲಿ ಸಿಕ್ಕ ಸುಬೇದಾರರು ಮಾತು ಕೇಳಿ ಮುಗಿಸಿ ಕೈಯಲ್ಲಿದ್ದ ಗುದ್ದಲಿಯನ್ನು ನೆಲಕ್ಕೆ ಊರಿ ಅದರ ಮೇಲೆ ಭಾರ ಬಿಟ್ಟು ನಿಂತರು. ನಾನು ಹುದ್ದೆಯ, ನಡುವಿನ ಕುರ್ಚಿಯ ಮಾತು ಬರುತ್ತದೆ ಎಂದುಕೊಂಡಿದ್ದೆ. ಬಂದದ್ದು ಬೇರೆ. ಎರಡು ವರ್ಷದ ಹಿಂದೆ ಅವರಿಗೆ ಹುಚ್ಚುನಾಯಿ ಕಚ್ಚಿತ್ತು. ಹೊಟ್ಟೆಗೆ ಹದಿನಾಲ್ಕು ಇಂಜೆಕ್ಷನ್, ಹಾಕಿದವರು ನರ್ಸಮ್ಮ. ಹದಿನಾಲ್ಕು ದಿನವೂ ಏನಾಯಿತು ಎಂಬುದನ್ನು ಅವರು ಪೂರ್ತಿ ಹೇಳಲಿಲ್ಲ.

“ನಮ್ಮನೆಯವಳಿಗೂ ಗೊತ್ತಿಲ್ಲ ಅದು,” ಎಂದರು. “ಮೇಜರ್ ಸಾಹೇಬರ ಮುಂದೆ ಒಬ್ಬ ಸುಬೇದಾರ ಹಂಗೆಲ್ಲ ಮಾಡಬಾರದಾಗಿತ್ತು ಮೇಷ್ಟ್ರೆ.”

ಬರುತ್ತೀರಾ ಎಂದು ಕೇಳಿದೆ. ಅವರು ಗುದ್ದಲಿ ಎತ್ತಿಕೊಂಡು ಪಾತಿ ಮಾಡಲು ಶುರುಮಾಡಿದರು.

ಆಮೇಲಿನ ವಾರವೆಲ್ಲ ಓಡಾಟ. ಇಪ್ಪತ್ತಮೂರು ಪೇಟ, ಪಂಚೆ, ಶಲ್ಯ ಬಂದು ಬಿದ್ದಿದ್ದವು. ಒಂದನ್ನು ಅಂಗಡಿಗೆ ಹಿಂದಿರುಗಿಸಿ ಹೆಡ್‌ಮಾಸ್ತರ ಹೆಂಡತಿ ಸೀರೆ ಆರಿಸಿ ತಂದರು. ಆಹ್ವಾನ ಪತ್ರಿಕೆ ಅರಸೀಕೆರೆಯಲ್ಲಿ ಅಚ್ಚಾಗಿ ಬಂದಿತ್ತು, ‘ಶ್ರೀ ಮೇಜರ್ ಕೆ. ಆರ್. ಗೌಡ’ ಎಂದು. ಶ್ರೀ ಮುಂದೆ ಪೆನ್ನಿನಲ್ಲಿ ‘ಮತಿ’ ಸೇರಿಸೋಣ ಎಂದು ಡ್ರಾಯಿಂಗ್ ಮೇಷ್ಟ್ರು, ಮದುವೆಯಾಗಿಲ್ಲವಲ್ಲ, ‘ಕುಮಾರಿ’ ಎನ್ನಬೇಕು ಎಂದು ಗಣಿತದ ಮೇಷ್ಟ್ರು, ಅರವತ್ತು ದಾಟಿದವರಿಗೆ ಕುಮಾರಿ ಎಂದರೆ ಜನ ನಗುತ್ತಾರೆ ಎಂದು ಹೆಡ್‌ಮಾಸ್ತರು ಅರ್ಧ ದಿನ ಚರ್ಚೆ ಮಾಡಿದರು. ಕಮಲಮ್ಮನವರನ್ನೇ ಕೇಳಿದೆ. ಮೇಜರ್ ಅಂದರೆ ಸಾಕು, ಶ್ರೀ ಹೊಡೆದುಹಾಕಿ ಎಂದರು. ಮುನ್ನೂರು ಪತ್ರಿಕೆಗಳಲ್ಲಿ ಕೂತು ಶ್ರೀ ಹೊಡೆದುಹಾಕಿದೆ.

ಹದಿನೈದನೇ ತಾರೀಖು ಬೆಳಿಗ್ಗೆ ಮೋಡ ಮುಸುಕಿತ್ತು, ಮಳೆ ಇರಲಿಲ್ಲ. ಮೈದಾನ ಮಾತ್ರ ಕೆಸರು. ಹಿಂದಿನ ವಾರವೇ ಸುದ್ದಿ ಹರಡಿದ್ದರಿಂದ ಧ್ವಜಾರೋಹಣಕ್ಕೆ ಎಂದೂ ಬಾರದ ಜನವೆಲ್ಲ ಬಂದಿದ್ದರು. ಆಪರೇಷನ್ ಆಗಿದ್ದ ಗೌಡರೂ ಬಂದು ಮುಂದಿನ ಸಾಲಿನಲ್ಲಿ ಕೂತಿದ್ದರು. ಏಳಿಸಲು ಯಾರಿಗೂ ಮನಸ್ಸಾಗಲಿಲ್ಲ. ಕಮಲಮ್ಮನವರು ನಡೆದೇ ಬಂದರು. ಬಿಳಿಯ ಸೀರೆ, ಮೇಲೆ ಕಪ್ಪು ಕೋಟು, ಕೋಟಿನ ಎಡಗಡೆ ಐದು ಪದಕ. ದಿನವೂ ಅವರಿಗೆ ತೋಳು ಒಡ್ಡುತ್ತಿದ್ದ ಊರು ಅವರನ್ನು ಮೊದಲ ಸಲ ನೋಡುವಂತೆ ನೋಡಿತು. ಜಗಲಿಯ ಬೆಂಚಿನ ಮೇಲೆ ಕೂತು ಅವರ ಹತ್ತಿರ ಸಲುಗೆಯಿಂದ ಹರಟುತ್ತಿದ್ದ ಹೆಂಗಸರು ಕೂಡ ಎದ್ದು ನಿಂತು ಸೆರಗು ಸರಿಮಾಡಿಕೊಂಡರು.

ಸುಬೇದಾರರು ಮಾತ್ರ ಬಂದಿರಲಿಲ್ಲ. ವೇದಿಕೆಯಲ್ಲಿ ಕಮಲಮ್ಮನವರು ಕೂತ ನಡುವಿನ ಕುರ್ಚಿಯ ಪಕ್ಕದ ಕುರ್ಚಿ ಖಾಲಿ. ಹೆಡ್‌ಮಾಸ್ತರು ಗಡಿಯಾರ ನೋಡಿ ಶುರುಮಾಡಿ ಎಂದರು. ನಾನು ಮೈಕಿನ ಹತ್ತಿರ ಹೋಗುವಷ್ಟರಲ್ಲಿ ವೇದಿಕೆಯ ಕೆಳಗಿಂದ ಯಾರೋ ನನ್ನ ಪಂಚೆಯ ತುದಿ ಎಳೆದರು. ಜಯಮ್ಮ. ಮಾದಿಹಳ್ಳಿಯಿಂದ ಮಗ, ಸೊಸೆ, ಮೊಮ್ಮಕ್ಕಳು ಸಮೇತ ಬಂದಿದ್ದರು.

“ಅಪ್ಪನ ಹೆಸರೂ ಸೇರಿಸಿ ಕೂಗಿ ಮೇಷ್ಟ್ರೇ,” ಎಂದರು.

ನಾನು ಮೈಕಿನಲ್ಲಿ ಕೂಗಿದೆ: ಮೇಜರ್ ಕಮಲ ರಾಮೇಗೌಡ. ಕಮಲಮ್ಮನವರು ಏಳಲು ಹೋದವರು ಆ ಹೆಸರು ಕೇಳಿ ಒಂದು ಕ್ಷಣ ಹಾಗೇ ಕುರ್ಚಿಯ ಕೈ ಹಿಡಿದು ಕೂತರು. ಅಷ್ಟರಲ್ಲಿ ಗೇಟಿನ ಕಡೆ ಜನ ದಾರಿ ಬಿಟ್ಟರು. ಸುಬೇದಾರ್ ರುದ್ರಪ್ಪನವರು ಬರುತ್ತಿದ್ದರು. ಹಳೆಯ ಸಮವಸ್ತ್ರ ಹೊಟ್ಟೆಯ ಹತ್ತಿರ ಬಿಗಿಯಾಗಿತ್ತು, ಒಂದು ಗುಂಡಿ ಹಾಕಲು ಬಂದಿರಲಿಲ್ಲ. ಮೈದಾನದ ನಡುವೆ, ಕೆಸರಿಗೂ ಪಕ್ಕಕ್ಕೆ ಸರಿಯದೆ, ನೇರವಾಗಿ ಕೈ ಬೀಸುತ್ತ ಬಂದು ವೇದಿಕೆಯ ಮುಂದೆ ನಿಂತು ಸಲ್ಯೂಟ್ ಹೊಡೆದರು. ಕಮಲಮ್ಮನವರು ಎದ್ದು ಪ್ರತಿಯಾಗಿ ಸಲ್ಯೂಟ್ ಕೊಟ್ಟರು. ಸುಬೇದಾರರ ಹಿಂದೆ ಶಾಮಿಯಾನದಲ್ಲಿ ಕೂತಿದ್ದ ಪಟ್ಟಿಯ ಉಳಿದ ಇಪ್ಪತ್ತೊಂದು ಮುದುಕರೂ ಯಾರೂ ಹೇಳದೆಯೇ ಕೋಲು ಊರಿಕೊಂಡು, ಒಬ್ಬರನ್ನೊಬ್ಬರು ಹಿಡಿದುಕೊಂಡು ಎದ್ದು ಸಾಲಾಗಿ ನಿಂತುಬಿಟ್ಟರು.

ಸಾಲು ನಿಂತದ್ದನ್ನು ನೋಡಿದ ಮೇಲೆ ಮೇಜರ್ ಸುಮ್ಮನಿರುವುದುಂಟೇ? ಕೆಳಗಿಳಿದು ಒಂದು ತುದಿಯಿಂದ ಪರಿಶೀಲನೆ ಶುರುಮಾಡಿದರು. ಒಬ್ಬರಿಗೆ ಈ ಕೆಮ್ಮು ಎಷ್ಟು ದಿನದಿಂದ ಎಂದು ಕೇಳಿದರು. ಇನ್ನೊಬ್ಬರ ಕಾಲಿನ ಹುಣ್ಣು ನೋಡಿ ನಾಳೆ ಎಂಟು ಗಂಟೆಗೆ ಬನ್ನಿ ಎಂದರು. ಮೂರನೆಯವರ ಜೇಬಿನಿಂದ ಬೀಡಿ ಕಟ್ಟು ತೆಗೆದು ನನ್ನ ಕೈಗೆ ಕೊಟ್ಟರು. ಪೇಟ ತೊಡಿಸುವ ಕೆಲಸ ಆಮೇಲೆ ನಡೆಯಿತು, ಆದರೆ ಜನ ಚಪ್ಪಾಳೆ ತಟ್ಟಿದ್ದು ಬೀಡಿ ಕಟ್ಟಿಗೆ.

ಸುಬೇದಾರರ ಭಾಷಣದ ಸರದಿ ಬಂತು. ಜೇಬಿನಿಂದ ನಾಲ್ಕು ಪುಟ ತೆಗೆದು ಬಿಚ್ಚಿದರು, ಮತ್ತೆ ಮಡಿಸಿದರು.

“ನಾನು ಎರಡು ಯುದ್ಧ ನೋಡಿದೀನಿ, ಅದು ಊರಿಗೆಲ್ಲ ಗೊತ್ತು, ನಾನೇ ಹೇಳಿದೀನಿ,” ಎಂದರು. “ಹೇಳದೇ ಇರೋದು ಒಂದೈತೆ. ನಾಯಿ ಕಚ್ಚಿದಾಗ ಹದಿನಾಲ್ಕು ಸೂಜಿಗೂ ನಾನು ಅತ್ತಿದೀನಿ. ಹದಿನಾಲ್ಕು ದಿನವೂ ಇವರು ಜಗಲಿ ಬಾಗಿಲು ಹಾಕಿ, ಯಾರಿಗೂ ಕಾಣದಂಗೆ ನೋಡ್ಕಂಡ್ರು. ಒಂದು ಮಾತು ಆಚೆ ಬರಲಿಲ್ಲ. ಅಷ್ಟೇ ನಂದು.”

ಅವರು ಹೋಗಿ ಕೂತರು. ಜನ ನಗಬೇಕೋ ಬೇಡವೋ ಎಂದು ನೋಡುತ್ತಿರುವಾಗ ಸುಬೇದಾರರ ಹೆಂಡತಿಯೇ ಮೊದಲು ನಕ್ಕರು. ಆಮೇಲೆ ಮೈದಾನವೆಲ್ಲ ನಕ್ಕಿತು, ಸುಬೇದಾರರೂ ನಕ್ಕರು. ಕಮಲಮ್ಮನವರು ಮಾತ್ರ ನಗದೆ, ಪಕ್ಕಕ್ಕೆ ಬಾಗಿ ಅವರ ಸಮವಸ್ತ್ರದ ಬಿಚ್ಚಿದ್ದ ಗುಂಡಿಯನ್ನು ತೋರಿಸಿದರು.

ಮಧ್ಯಾಹ್ನ ಉಪ್ಪಿಟ್ಟು, ಕೇಸರಿಬಾತು ಮುಗಿದ ಮೇಲೆ ಜಯಮ್ಮನವರನ್ನು ಬಸ್ಸು ಹತ್ತಿಸಲು ನಾನೂ ಕಮಲಮ್ಮನವರೂ ಬಸ್ ಸ್ಟ್ಯಾಂಡಿಗೆ ಹೋದೆವು. ಕಮಲಮ್ಮನವರ ಕೋಟಿನ ಮೇಲೆ ಪದಕಗಳು ಹಾಗೇ ಇದ್ದವು. ಅಕ್ಕತಂಗಿಯರು ಕಲ್ಲುಬೆಂಚಿನ ಮೇಲೆ ಪಕ್ಕಪಕ್ಕ ಕೂತರು. ಮೊಮ್ಮಗಳು ಪದಕಗಳನ್ನು ಎಣಿಸುತ್ತಿದ್ದಳು. ಬೇಲೂರು ಬಸ್ಸು ಬಂತು, ಕಂಡಕ್ಟರು ಜಾವಗಲ್, ಹಳೇಬೀಡು ಎಂದು ಕೂಗಿದ. ಮಗ, ಸೊಸೆ ಚೀಲ ಎತ್ತಿಕೊಂಡರು. ಜಯಮ್ಮ ಎದ್ದು ನಿಂತವರು ಮತ್ತೆ ಕೂತು, ಅಕ್ಕನ ಕೋಟಿನ ತೋಳು ಹಿಡಿದುಕೊಂಡರು.

“ಅಕ್ಕ, ಅಲ್ಲಿ ಮುದ್ದೆ ಸಿಕ್ತಿತ್ತಾ?”

ಕಮಲಮ್ಮನವರು ತಂಗಿಯ ಮುಖ ನೋಡಿದರು. “ಎಲ್ಲಿ ಸಿಗುತ್ತೆ ಕಣೇ,” ಎಂದರು. “ಒಂದು ಸಲ ಪಠಾಣಕೋಟೆಯಲ್ಲಿ ನಾನೇ ಮಾಡೋಕೆ ಹೋದೆ. ಹಾಸನದ ಕಡೆ ಹುಡುಗನೊಬ್ಬ, ಕಾಲಿಗೆ ಗುಂಡು ಬಿದ್ದು ಮಲಗಿದ್ದ, ಅವನ ಮನೆಯಿಂದ ರಾಗಿ ಹಿಟ್ಟು ಬಂದಿತ್ತು…”

ಕಂಡಕ್ಟರು ಎರಡು ಸಲ ಸೀಟಿ ಊದಿದ. ಜಯಮ್ಮ ಅವನ ಕಡೆ ನೋಡದೆ, ಹೋಗಪ್ಪ, ಮುಂದಿನ ಬಸ್ಸಿಗೆ ಬರುತ್ತೇವೆ ಎಂದು ಕೈ ಬೀಸಿ, ಅಕ್ಕನ ಕಡೆಗೆ ಪೂರ್ತಿ ತಿರುಗಿ ಕೂತರು.